ಜೂಲಿಯೆಟ್‌ಗೆ ಹದಿಮೂರು, ಶೇಕ್ಸ್‌ಪಿಯರನ ಮಗಳಿಗೆ ಮೂವತ್ತೊಂದು

ಓದುಗರ ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಈ ವರ್ಷ ಬಿ.ಎ. ಮೊದಲ ವರ್ಷದವರಿಗೆ ‘ರೋಮಿಯೋ ಅಂಡ್ ಜೂಲಿಯೆಟ್’ ಪಾಠ ಮಾಡುತ್ತಿದ್ದೇನೆ. ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿಲ್ಲ ಎನ್ನುವ ಮಾತು ಬಂದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. “ಆಗಿನ ಕಾಲದಲ್ಲಿ ಜನ ಮೂವತ್ತೈದಕ್ಕೆಲ್ಲ ಸಾಯ್ತಿದ್ರು ಮ್ಯಾಮ್, ಅದಕ್ಕೇ ಬೇಗ ಮದುವೆ” ಎಂದು ಒಬ್ಬ ಹುಡುಗ ಮೊಬೈಲ್ ನೋಡಿ ಹೇಳಿದ. ನಾನೂ ಎಲ್ಲೋ ಹಾಗೇ ಓದಿದ್ದೆ, ಹೌದೆಂದೆ. ಎರಡು ವಾರದ ನಂತರ ಒಬ್ಬ ವಿದ್ಯಾರ್ಥಿನಿ ಕಾಲೇಜಿಗೆ ಬರುವುದು ನಿಂತಿತು. ಮನೆಗೆ ಫೋನ್ ಮಾಡಿದರೆ ಅವಳಪ್ಪ, “ನೀವೇ ಕ್ಲಾಸಿನ್ಯಾಗ ಹೇಳೀರಂತಲ್ರಿ ಮೇಡಂ, ಇಂಗ್ಲೆಂಡಿನವ್ರೂ ಹದಿಮೂರಕ್ಕ ಲಗ್ನ ಮಾಡ್ತಿದ್ರಂತ. ನಾವು ಹದಿನೇಳಕ್ಕ ಮಾಡಿದ್ರ ತಪ್ಪೇನ್ರಿ?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಇದರ ಜೊತೆಗೆ ವಾರ್ಷಿಕೋತ್ಸವಕ್ಕೆ ಇದೇ ನಾಟಕದ ಕೆಲವು ದೃಶ್ಯಗಳನ್ನು ಕನ್ನಡದಲ್ಲಿ ಆಡಿಸುವ ಯೋಚನೆ ಇದೆ. ಜೂಲಿಯೆಟ್‌ಳ ವಯಸ್ಸನ್ನು ಹದಿನೆಂಟು ಮಾಡಿ ಎಂದು ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ನಿಜವಾಗಿ ಆ ಕಾಲದಲ್ಲಿ ಹೇಗಿತ್ತು? ನಾಟಕದಲ್ಲಿ ವಯಸ್ಸನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ, ಆದರೆ ಅವೆರಡಕ್ಕಿಂತ ಮೊದಲು ಆ ಹುಡುಗಿಯ ವಿಷಯ. ಅವಳಿಗೆ ಹದಿನೆಂಟು ತುಂಬಿಲ್ಲ ಎಂದಾದರೆ ಇದು ಸಾಹಿತ್ಯದ ಚರ್ಚೆಯಲ್ಲ. ಕರ್ನಾಟಕದಲ್ಲಿ 2017ರ ತಿದ್ದುಪಡಿ ಬಂದ ಮೇಲೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮಾಡಿಸಿದವರ ಮೇಲೆ ಪ್ರಕರಣವಾಗುತ್ತದೆ. ಮದುವೆ ನಿಶ್ಚಯವಾಗಿದೆ ಎಂದು ಗೊತ್ತಾದ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ತಾಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ತಿಳಿಸಿ. ಈ ಉತ್ತರದ ಉಳಿದ ಭಾಗವನ್ನು ಆಮೇಲೆ ಓದಿದರೂ ನಡೆಯುತ್ತದೆ.

ಈಗ ಆ ಅಪ್ಪನ ಮಾತು. ಅವರ ಮಾತಿನಲ್ಲಿ ಇತಿಹಾಸದ ಒಂದು ದೊಡ್ಡ ತಪ್ಪಿದೆ. ಅದು ಅವರ ತಪ್ಪಲ್ಲ, ನಮ್ಮಂಥ ಮೇಷ್ಟ್ರುಗಳದು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಕಾಲದ ಸಾಹಿತ್ಯ ಮತ್ತು ಸಮಾಜವನ್ನು ಪಾಠ ಮಾಡಿದವನು. ಮೊದಲ ಐದಾರು ವರ್ಷ ನಿಮ್ಮ ವಿದ್ಯಾರ್ಥಿ ಹೇಳಿದ್ದನ್ನೇ ನಾನೂ ತರಗತಿಯಲ್ಲಿ ಹೇಳಿದ್ದೇನೆ: ಆಯಸ್ಸು ಕಡಿಮೆ, ಅದಕ್ಕೇ ಮದುವೆ ಬೇಗ. ಕೇಳಲು ತರ್ಕಬದ್ಧವಾಗಿದೆ. ಆದರೆ ಆ ವಾಕ್ಯದ ಎರಡೂ ತುದಿ ಸುಳ್ಳು.

ಶೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆತನದ ಹೆಣ್ಣು ಮೊದಲ ಮದುವೆಯಾಗುತ್ತಿದ್ದ ಸರಾಸರಿ ವಯಸ್ಸು ಸುಮಾರು 25. ಗಂಡಿನದು 27, 28. ಹದಿಮೂರಲ್ಲ, ಹದಿನೆಂಟೂ ಅಲ್ಲ. ಇಂದಿನ ನಮ್ಮ ಅನೇಕ ಹಳ್ಳಿಗಳಿಗಿಂತ ತಡ.

ಇದು ಯಾರ ಊಹೆಯೂ ಅಲ್ಲ, ಲೆಕ್ಕ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ: ಪ್ರತಿ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ, ಪಾದ್ರಿ ತನ್ನ ಕಡೆಯ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೊಸ ತೆರಿಗೆ ಹಾಕಲು ಹೂಡಿದ ಉಪಾಯವಿರಬೇಕು ಎಂದು ಜನ ಗುಮಾನಿಪಟ್ಟರು. ಆದರೂ ಬರೆದರು. ಆ ರಿಜಿಸ್ಟರುಗಳು ಸಾವಿರಾರು ಚರ್ಚುಗಳ ಪೆಟ್ಟಿಗೆಗಳಲ್ಲಿ ಉಳಿದುಕೊಂಡವು. 1964ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜನಸಂಖ್ಯೆಯ ಇತಿಹಾಸ ಅಧ್ಯಯನಕ್ಕೆಂದೇ ಒಂದು ತಂಡ ಕಟ್ಟಿಕೊಂಡಿತು. ಊರೂರಿನ ಸ್ವಯಂಸೇವಕರ ನೆರವಿನಿಂದ 404 ಪ್ಯಾರಿಷ್‌ಗಳ ದಾಖಲೆಯನ್ನು ಎಣಿಸಿತು. ಕೆಲವು ಪ್ಯಾರಿಷ್‌ಗಳಲ್ಲಿ ಇನ್ನೂ ಆಳಕ್ಕಿಳಿದು ಒಂದೊಂದು ಹೆಸರನ್ನೂ ಹಿಂಬಾಲಿಸಿದರು: ಈ ಹುಡುಗಿಯ ಜ್ಞಾನಸ್ನಾನ ಯಾವಾಗ, ಅದೇ ಹುಡುಗಿಯ ಮದುವೆ ಯಾವಾಗ, ಮೊದಲ ಮಗು ಯಾವಾಗ. ಹೀಗೆ ಹೊಲಿದು ಹೊಲಿದು ಬಂದ ಸರಾಸರಿ ಅದು. ಊರು ಬಿಟ್ಟು ಹೋದವರು ಈ ಲೆಕ್ಕದಿಂದ ಜಾರಿಹೋಗುತ್ತಾರೆ, ಅದೊಂದು ಮಿತಿ. ಆದರೆ ಬೇರೆ ಬಗೆಯ ದಾಖಲೆಗಳೂ ಅದೇ ಕಡೆಗೆ ಬೆರಳು ಮಾಡುತ್ತವೆ. ಕ್ಯಾಂಟರ್‌ಬರಿ ಧರ್ಮಪ್ರಾಂತ್ಯದಲ್ಲಿ 1619ರಿಂದ 1660ರ ನಡುವೆ ಕೊಟ್ಟ ಸುಮಾರು ಸಾವಿರ ಮದುವೆ ಲೈಸೆನ್ಸುಗಳನ್ನು ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಪರಿಶೀಲಿಸಿದರು. ಹದಿಮೂರು ವರ್ಷದ ವಧು ಅದರಲ್ಲಿ ಒಬ್ಬಳು. ಹದಿನೈದರವರು ನಾಲ್ವರು, ಹದಿನಾರರವರು ಹನ್ನೆರಡು ಜನ. ಉಳಿದವರೆಲ್ಲ ಹದಿನೇಳು ತುಂಬಿದವರು, ಬಹುಪಾಲು ಇಪ್ಪತ್ತರ ಮೇಲಿನವರು. ಸಾವಿರದಲ್ಲಿ ಒಬ್ಬ ಜೂಲಿಯೆಟ್.

ಆಯಸ್ಸಿನ ಮಾತಿಗೆ ಬರೋಣ. “ಸರಾಸರಿ ಆಯಸ್ಸು 35” ಎಂಬ ಅಂಕಿ ಹೆಚ್ಚುಕಡಿಮೆ ಸರಿಯೇ. ಎಲಿಜಬೆತ್ ರಾಣಿಯ ಕಾಲದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು 35ರಿಂದ 40ರ ಆಸುಪಾಸು. ಜಾರುವುದು ಅದರ ಅರ್ಥದಲ್ಲಿ. ನಾಲ್ಕು ಮಕ್ಕಳಲ್ಲಿ ಒಂದು ಹತ್ತು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು, ಆ ಎಳೆ ಸಾವುಗಳೆಲ್ಲ ಸೇರಿ ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಗಂಡಾಂತರ ದಾಟಿ ಮೂವತ್ತು ಮುಟ್ಟಿದವರು ಅರವತ್ತರ ತನಕ ಬದುಕುವ ಸಂಭವ ಚೆನ್ನಾಗಿಯೇ ಇತ್ತು. ನಿಮ್ಮ ವಿದ್ಯಾರ್ಥಿಗಳಿಗೆ ಶೇಕ್ಸ್‌ಪಿಯರನ ಮನೆಯನ್ನೇ ತೋರಿಸಿ. ಅವನ ಅಪ್ಪ ಅಮ್ಮ ಜಾನ್ ಮತ್ತು ಮೇರಿಗೆ ಎಂಟು ಮಕ್ಕಳು. ಮೊದಲೆರಡು ಹೆಣ್ಣು ಕೂಸುಗಳು ಎಳವೆಯಲ್ಲೇ ಹೋದವು, ಇನ್ನೊಬ್ಬಳು ಆ್ಯನ್ ಏಳು ವರ್ಷಕ್ಕೆ ಹೋದಳು. ಆದರೆ ತಂಗಿ ಜೋನ್ 77 ವರ್ಷ ಬದುಕಿದಳು. ಅಪ್ಪ ಎಪ್ಪತ್ತರ ಹತ್ತಿರ, ಹೆಂಡತಿ ಆ್ಯನ್ ಹ್ಯಾಥವೇ 67. ರಾಣಿ ಎಲಿಜಬೆತ್ ಸತ್ತಾಗ 69. ಸಾವು ತೊಟ್ಟಿಲನ್ನು ಹೆಚ್ಚು ಸುತ್ತುತ್ತಿದ್ದ ಕಾಲ ಅದು. ಮೂವತ್ತಕ್ಕೆ ಯಾರೂ ಮುದುಕರಾಗುತ್ತಿರಲಿಲ್ಲ.

ಹಾಗಿದ್ದರೆ ಅಷ್ಟು ತಡವೇಕೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು, ಆ ಸಮಾಜದ ಗುಟ್ಟು ಇರುವುದು ಇಲ್ಲೇ.

ಇಂಗ್ಲೆಂಡಿನಲ್ಲಿ ಮದುವೆ ಎಂದರೆ ಬೇರೆ ಒಲೆ ಹೂಡುವುದು. ಸೊಸೆ ಅತ್ತೆಯ ಅಡಿಗೆಮನೆಗೆ ಬರುತ್ತಿರಲಿಲ್ಲ. ಗಂಡ ಹೆಂಡತಿ ಮೊದಲ ದಿನದಿಂದಲೇ ತಮ್ಮದೇ ಸೂರು, ತಮ್ಮದೇ ಪಾತ್ರೆ, ತಮ್ಮದೇ ದುಡಿಮೆ ನೋಡಿಕೊಳ್ಳಬೇಕು. ನಮ್ಮಲ್ಲಿ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಎರಡು ಕಷ್ಟಗಳನ್ನು ಬೇರೆ ಬೇರೆಯಾಗಿ ಎಣಿಸುತ್ತೇವೆ. ಅಲ್ಲಿ ಅವೆರಡೂ ಒಂದೇ ಕಷ್ಟ. ಮನೆ ಹೂಡಲು ದುಡ್ಡಿಲ್ಲದವನಿಗೆ ಮದುವೆ ಇಲ್ಲ. ಒಂದು ಮನೆಯಲ್ಲಿ ಸರಾಸರಿ ಐದು ಜನಕ್ಕಿಂತ ಸ್ವಲ್ಪ ಕಡಿಮೆ ಇರುತ್ತಿದ್ದರು, ಅದರಲ್ಲಿ ಆಳುಗಳೂ ಸೇರಿದ್ದರು. ನಾವು ಹಳೆಯ ಕಾಲ ಎಂದ ಕೂಡಲೇ ಅವಿಭಕ್ತ ಕುಟುಂಬವನ್ನು ಕಲ್ಪಿಸಿಕೊಳ್ಳುತ್ತೇವೆ. ಅಲ್ಲಿಯ ಹಳೆಯ ಕಾಲ ಹಾಗಿರಲಿಲ್ಲ.

ದುಡ್ಡು ಕೂಡಿಸುವುದು ಹೇಗೆ? ಹದಿನಾಲ್ಕು ಹದಿನೈದಕ್ಕೆ ಹುಡುಗರೂ ಹುಡುಗಿಯರೂ ಅಪ್ಪನ ಮನೆ ಬಿಟ್ಟು ಇನ್ನೊಬ್ಬರ ಮನೆಗೆ ವರ್ಷದ ಸಂಬಳಕ್ಕೆ ಸೇರುತ್ತಿದ್ದರು. ತೀರಾ ಬಡವರಷ್ಟೇ ಅಲ್ಲ, ತಕ್ಕಮಟ್ಟಿನ ರೈತರ ಮಕ್ಕಳೂ ಹೋಗುತ್ತಿದ್ದರು. ಹದಿನೈದರಿಂದ ಇಪ್ಪತ್ನಾಲ್ಕರ ನಡುವಿನ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ಇನ್ನೊಬ್ಬರ ಸೂರಿನಡಿ ಇದ್ದರು. ಊಟ ವಸತಿ ಯಜಮಾನನದು, ಕೂಲಿ ವರ್ಷದ ಕೊನೆಗೆ ಕೈಗೆ. ಒಂದು ಮನೆಯಲ್ಲಿ ಒಂದೆರಡು ವರ್ಷ, ಮತ್ತೆ ಬೇರೆ ಮನೆ. ಹಾಲು ಕರೆಯುವುದು, ಚೀಸ್ ಕಟ್ಟುವುದು, ಬಿಯರ್ ಕುದಿಸುವುದು, ಮಗ್ಗದ ನೂಲು: ಇವೆಲ್ಲ ಹುಡುಗಿ ಕಲಿಯುತ್ತಿದ್ದ ಕೆಲಸಗಳು. ಆಳಾಗಿ ಇರುವಷ್ಟು ಕಾಲ ಮದುವೆಯ ಮಾತಿಲ್ಲ. ಹತ್ತು ವರ್ಷ ಹೀಗೆ ದುಡಿದರೆ ಒಂದು ಹಾಸಿಗೆ, ಒಂದು ಹಿತ್ತಾಳೆ ಪಾತ್ರೆ, ಒಂದು ಹಸು ಕೊಳ್ಳುವಷ್ಟು ಗಂಟು.

ಪೇಟೆಯಲ್ಲಿ ಕಟ್ಟುಪಾಡು ಇನ್ನೂ ಬಿಗಿ. 1556ರಲ್ಲಿ ಲಂಡನ್ ನಗರಸಭೆ ಊರಿನ ಬಡತನಕ್ಕೆ ಮುಖ್ಯ ಕಾರಣ ಎಳೆಯರು ಆತುರಪಟ್ಟು ಮದುವೆಯಾಗಿ ಸಂಸಾರ ಹೂಡುವುದೇ ಎಂದು ಹೇಳಿ, ಇಪ್ಪತ್ನಾಲ್ಕು ತುಂಬುವ ಮೊದಲು ಯಾರಿಗೂ ಕಸುಬಿನ ಹಕ್ಕು ಕೊಡಬಾರದೆಂದು ನಿಯಮ ಮಾಡಿತು. 1563ರಲ್ಲಿ ಪಾರ್ಲಿಮೆಂಟ್ ಅದನ್ನೇ ದೇಶದ ಪೇಟೆಗಳಿಗೆಲ್ಲ ಹಬ್ಬಿಸಿತು: ಕನಿಷ್ಠ ಏಳು ವರ್ಷ ಒಬ್ಬ ಕಸುಬುದಾರನ ಕೈಕೆಳಗೆ ಕೆಲಸ ಕಲಿಯುವ ಅಪ್ರೆಂಟಿಸ್ ಆಗಿರಬೇಕು, ಅದು ಮುಗಿಯುವಾಗ ಇಪ್ಪತ್ನಾಲ್ಕಕ್ಕೆ ಕಡಿಮೆ ಇರಬಾರದು. ಅಪ್ರೆಂಟಿಸ್ ಕರಾರಿನಲ್ಲೇ ಮದುವೆಯಾಗಬಾರದು ಎಂಬ ಷರತ್ತು ಇರುತ್ತಿತ್ತು. 1589ರಲ್ಲಿ ಇನ್ನೊಂದು ಕಾಯ್ದೆ: ನಾಲ್ಕು ಎಕರೆ ಜಮೀನು ಇಲ್ಲದೆ ಹೊಸ ಗುಡಿಸಲು ಕಟ್ಟಬಾರದು. ಈ ಕೊನೆಯದನ್ನು ಜನ ಎಷ್ಟು ಪಾಲಿಸಿದರು ಎನ್ನುವುದು ಬೇರೆ ಮಾತು, ಆದರೆ ಆಳುವವರ ತಲೆಯಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿ. 1541ರಲ್ಲಿ ಸುಮಾರು 28 ಲಕ್ಷ ಇದ್ದ ಇಂಗ್ಲೆಂಡಿನ ಜನಸಂಖ್ಯೆ 1601ರ ಹೊತ್ತಿಗೆ 41 ಲಕ್ಷದಷ್ಟಾಗಿತ್ತು. ಕಾಳಿನ ಬೆಲೆ ಏರಿತ್ತು, ಕೂಲಿ ಅದರ ಹಿಂದೆ ಓಡಲಾರದೆ ಬಿದ್ದಿತ್ತು. ಜೂಲಿಯೆಟ್ ರಂಗಕ್ಕೆ ಬಂದ 1590ರ ದಶಕದ ನಡುವೆಯೇ ಸಾಲುಸಾಲು ಬೆಳೆ ಕೈಕೊಟ್ಟ ವರ್ಷಗಳು. ಆ ನಾಟಕ ನೋಡಲು ಒಂದು ಪೆನ್ನಿ ಕೊಟ್ಟು ನಿಂತಿದ್ದ ಹುಡುಗರಲ್ಲಿ ಎಷ್ಟೋ ಜನ ಇಪ್ಪತ್ತು ದಾಟಿದ್ದರೂ ಮದುವೆಯ ಕನಸು ಮಾತ್ರ ಕಾಣಬಲ್ಲ ಅಪ್ರೆಂಟಿಸ್‌ಗಳು. ಕದ್ದು ಮದುವೆಯಾದ ಆ ಎಳೆಯರು ಅವರಿಗೆ ಹೇಗೆ ಕಂಡಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ. ತಡವಾದ ಮದುವೆ ಎಂದ ಮಾತ್ರಕ್ಕೆ ಹೆಣ್ಣಿಗೆ ಸ್ವಾತಂತ್ರ್ಯವಿತ್ತು ಎಂದು ತರಗತಿಯಲ್ಲಿ ಹೇಳಬೇಡಿ. ಅದೇ 1563ರ ಕಾಯ್ದೆ ಹನ್ನೆರಡರಿಂದ ನಲವತ್ತರೊಳಗಿನ ಮದುವೆಯಾಗದ ಹೆಣ್ಣನ್ನು ಬಲವಂತವಾಗಿ ಆಳಿನ ಕೆಲಸಕ್ಕೆ ಹಚ್ಚುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಟ್ಟಿತ್ತು, ಒಲ್ಲೆನೆಂದರೆ ಸೆರೆ. ಯಜಮಾನನ ಮನೆಯಲ್ಲಿ ಬಸುರಾದ ಕೆಲಸದ ಹುಡುಗಿಗೆ ಶಿಕ್ಷೆ, ಬೀದಿಪಾಲು. ಮದುವೆಯಾದ ಮೇಲೆ ಕಾನೂನಿನ ಕಣ್ಣಿನಲ್ಲಿ ಅವಳ ದುಡಿಮೆ, ಅವಳ ಚರಾಸ್ತಿ ಎಲ್ಲ ಗಂಡನದು. ವರದಕ್ಷಿಣೆಯೂ ಇತ್ತು, ನಮ್ಮ ಹಾಗೆಯೇ ಚೌಕಾಶಿಯೂ ಇತ್ತು. ತಡವಾದದ್ದು ದಯೆಯಿಂದಲ್ಲ, ಹೊಟ್ಟೆಪಾಡಿನಿಂದ.

“ಆದರೆ ಕಾನೂನು ಹನ್ನೆರಡಕ್ಕೆ ಒಪ್ಪಿತ್ತಲ್ಲ?” ಎಂದು ಯಾರಾದರೂ ಕೇಳಬಹುದು. ಒಪ್ಪಿತ್ತು. ಚರ್ಚಿನ ಹಳೆಯ ನಿಯಮದ ಪ್ರಕಾರ ಹೆಣ್ಣಿಗೆ ಹನ್ನೆರಡು, ಗಂಡಿಗೆ ಹದಿನಾಲ್ಕು. ಪಾದ್ರಿ ಇಲ್ಲದೆ ಇಬ್ಬರೇ ‘ನಿನ್ನನ್ನು ವರಿಸಿದೆ’ ಎಂದು ಮಾತು ಕೊಟ್ಟುಕೊಂಡರೂ ಆ ಮದುವೆ ಮುರಿಯುವಂತಿರಲಿಲ್ಲ. 1604ರಲ್ಲಿ ಚರ್ಚ್ ಇಪ್ಪತ್ತೊಂದರ ಒಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು ಎಂದಿತು, ಆದರೂ ಕದ್ದು ಆದ ಮದುವೆ ಸಿಂಧುವಾಗಿಯೇ ಉಳಿಯಿತು. ಕಾನೂನು ಕೊಟ್ಟ ಕನಿಷ್ಠ ಮಿತಿ ಬೇರೆ, ಜನ ನಡೆದ ದಾರಿ ಬೇರೆ. ಆ ಹನ್ನೆರಡು-ಹದಿನಾಲ್ಕರ ಕಾನೂನು ಇಂಗ್ಲೆಂಡಿನ ಪುಸ್ತಕದಲ್ಲಿ ಎಷ್ಟು ಕಾಲ ಇತ್ತು ಗೊತ್ತೇ? 1929ರ ತನಕ. ಆ ವರ್ಷ ಅವರು ಅದನ್ನು ಹದಿನಾರಕ್ಕೆ ಏರಿಸಿದರು. ಅದೇ 1929ರಲ್ಲಿ ನಮ್ಮಲ್ಲಿ ಶಾರದಾ ಕಾಯ್ದೆ ಬಂದು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದಿತು. ಅದಕ್ಕೂ ಮೊದಲು 1894ರಲ್ಲಿ ಮೈಸೂರು ಸಂಸ್ಥಾನ ಎಂಟರ ಒಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಎಂಟು ಎಂಬ ಆ ಅಂಕಿ ನೋಡಿದರೆ ವ್ಯತ್ಯಾಸ ಅರ್ಥವಾಗುತ್ತದೆ. ಅಲ್ಲಿ ಯಾರೂ ಅಷ್ಟಾಗಿ ಬಳಸದ ಕಾನೂನು ಧೂಳು ಹಿಡಿದು ಕೂತಿತ್ತು, ಇಲ್ಲಿ ನಡೆಯುತ್ತಿದ್ದುದನ್ನು ತಡೆಯಲು ಕಾನೂನು ಬೇಕಾಯಿತು.

ಎಳೆಯ ಮದುವೆಗಳು ಇಂಗ್ಲೆಂಡಿನಲ್ಲೂ ಆಗುತ್ತಿದ್ದವು, ಆದರೆ ಆಸ್ತಿಯ ಮಹಡಿಯಲ್ಲಿ. ಜಮೀನು, ಪದವಿ, ವಂಶ ಕಟ್ಟಬೇಕಾದ ಕಡೆ ಮಕ್ಕಳನ್ನು ಕರಾರುಪತ್ರದಂತೆ ಬಳಸಿದರು. ತಂದೆ ತೀರಿಕೊಂಡ ಶ್ರೀಮಂತ ಮಗುವಿನ ಪಾಲನೆಯನ್ನೂ, ಅದರ ಮದುವೆ ಮಾಡುವ ಹಕ್ಕನ್ನೂ ದೊರೆ ಮಾರುತ್ತಿದ್ದ, ಅದಕ್ಕೆಂದೇ 1540ರಲ್ಲಿ ಒಂದು ನ್ಯಾಯಾಲಯ ಏರ್ಪಟ್ಟಿತ್ತು. ಎಲಿಜಬೆತ್‌ಳ ಮಂತ್ರಿ ವಿಲಿಯಂ ಸೆಸಿಲ್‌ನ ಮಗಳು ಆ್ಯನ್ 1571ರಲ್ಲಿ ಹದಿನೈದಕ್ಕೆ ಆಕ್ಸ್‌ಫರ್ಡ್ ಅರ್ಲ್‌ನನ್ನು (ಅರ್ಲ್ ಎಂದರೆ ಒಂದು ದೊಡ್ಡ ಕುಲೀನ ಪದವಿ) ಮದುವೆಯಾದಳು. ಸುಖ ಕಾಣಲಿಲ್ಲ. 1606ರಲ್ಲಿ ಎಸೆಕ್ಸ್ ಅರ್ಲ್ ಮತ್ತು ಫ್ರಾನ್ಸಿಸ್ ಹವರ್ಡ್, ಇಬ್ಬರೂ ಹದಿನೈದರ ಆಸುಪಾಸು. ಹಿರಿಯರು ಮದುವೆ ಮಾಡಿಸಿ, ಒಟ್ಟಿಗೆ ಇರಲು ಬಿಡದೆ ಹುಡುಗನನ್ನು ದೇಶಾಟನೆಗೆ ಕಳಿಸಿದರು. 1613ರಲ್ಲಿ ಆ ಮದುವೆ ರದ್ದಾಯಿತು. ಅಂದರೆ ಮದುವೆ ಮಾಡಿಸಿದ ಹಿರಿಯರಿಗೂ ಆ ವಯಸ್ಸಿನ ಬಸಿರಿನ ಭಯವಿತ್ತು.

ಆ ಭಯಕ್ಕೆ ಒಂದು ಹೆಸರು ಕೊಡಬೇಕೆಂದರೆ ಮಾರ್ಗರೆಟ್ ಬೋಫರ್ಟ್. ಶೇಕ್ಸ್‌ಪಿಯರನಿಗಿಂತ ನೂರು ವರ್ಷ ಹಿಂದಿನವಳು. ಹನ್ನೆರಡಕ್ಕೆ ಎಡ್ಮಂಡ್ ಟ್ಯೂಡರ್‌ನೊಂದಿಗೆ ಮದುವೆ. ಗಂಡ ಸತ್ತ ಮೇಲೆ 1457ರ ಜನವರಿಯಲ್ಲಿ, ಹದಿಮೂರು ವರ್ಷದವಳಾಗಿದ್ದಾಗ, ಒಂದು ಗಂಡು ಮಗು ಹೆತ್ತಳು. ಆ ಮಗುವೇ ಮುಂದೆ ಏಳನೇ ಹೆನ್ರಿ, ಟ್ಯೂಡರ್ ವಂಶದ ಮೊದಲ ದೊರೆ. ಮತ್ತೆ ಎರಡು ಮದುವೆಯಾದರೂ ಅವಳಿಗೆ ಮತ್ತೊಂದು ಮಗು ಆಗಲಿಲ್ಲ. ನಲವತ್ತು ವರ್ಷ ಕಳೆದ ಮೇಲೆ, 1498ರಲ್ಲಿ, ಅವಳ ಮೊಮ್ಮಗಳನ್ನು ಸ್ಕಾಟ್ಲೆಂಡ್ ದೊರೆಗೆ ಕೊಡುವ ಮಾತುಕತೆ ನಡೆಯಿತು. ಮಗುವಿಗೆ ಒಂಬತ್ತೂ ತುಂಬಿರಲಿಲ್ಲ. ಸ್ಪೇನಿನ ರಾಯಭಾರಿ ಬರೆದಿಟ್ಟಿದ್ದಾನೆ: ರಾಣಿಯೂ ದೊರೆಯ ತಾಯಿಯೂ ಈ ಮದುವೆಗೆ ಬಲವಾಗಿ ಅಡ್ಡ ಬಂದರು, ಸ್ಕಾಟ್ಲೆಂಡಿನ ದೊರೆ ಕಾಯಲಾರ, ಹುಡುಗಿಯ ಮೈಗೆ ಅಪಾಯ ಮಾಡುತ್ತಾನೆ ಎಂಬುದು ಅವರ ಅಂಜಿಕೆ. ಅದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಆ ತಾಯಿ ಯಾವ ವೈದ್ಯಗ್ರಂಥ ಓದಿಯೂ ಹೇಳಲಿಲ್ಲ, ತನ್ನ ಮೈ ನೆನೆದು ಹೇಳಿದಳು. ಹೇಳಿದ್ದಕ್ಕೆ ಆ ಮದುವೆ ಐದು ವರ್ಷ ಮುಂದೆ ಹೋಯಿತು. ಹೋದದ್ದು ಹದಿಮೂರರ ತನಕ ಮಾತ್ರ.

ಈಗ ನಾಟಕವನ್ನೇ ಮತ್ತೆ ತೆರೆಯಿರಿ. ಜೂಲಿಯೆಟ್‌ಳ ವಯಸ್ಸು ಶೇಕ್ಸ್‌ಪಿಯರನಿಗೆ ಕಥೆಯಿಂದ ಬಂದದ್ದಲ್ಲ. ಅವನು ಮುಂದಿಟ್ಟುಕೊಂಡಿದ್ದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ ಹುಡುಗಿಗೆ ಹದಿನಾರು. ಅದಕ್ಕೂ ಹಿಂದಿನ ಇಟಲಿಯ ಬ್ಯಾಂಡೆಲ್ಲೋನ ಕಥೆಯಲ್ಲಿ ಹದಿನೆಂಟು. ಇವನು ಬೇಕೆಂದೇ ಇಳಿಸಿದ. ಬ್ರೂಕ್‌ನಲ್ಲಿ ತಿಂಗಳುಗಟ್ಟಲೆ ನಡೆಯುವುದನ್ನು ಐದು ದಿನಕ್ಕೆ ಹಿಂಡಿದ. ಎರಡೂ ಒಂದೇ ಕೈಯ ಕೆಲಸ: ಏನಕ್ಕೂ ಸಮಯ ಇರಬಾರದು, ಬೆಳೆಯಲೂ ಸಮಯ ಇರಬಾರದು.

ಅದರಲ್ಲೂ ಮೊದಲ ಅಂಕದ ಆ ಮಾತುಕತೆ. ಪ್ಯಾರಿಸ್ ಎಂಬ ಕುಲೀನ ತರುಣ ಹೆಣ್ಣು ಕೇಳುತ್ತಾನೆ. ಅಪ್ಪ ಕ್ಯಾಪುಲೆಟ್ ಏನನ್ನುತ್ತಾನೆ? ಅವಳಿನ್ನೂ ಹದಿನಾಲ್ಕು ಕಂಡಿಲ್ಲ, ಇನ್ನೆರಡು ಬೇಸಿಗೆ ಕಳೆಯಲಿ. ಇವಳಿಗಿಂತ ಚಿಕ್ಕವರೇ ತಾಯಂದಿರಾಗಿ ಸುಖವಾಗಿದ್ದಾರಲ್ಲ ಎಂದು ಪ್ಯಾರಿಸ್ ಅನ್ನುತ್ತಾನೆ. ಕ್ಯಾಪುಲೆಟ್‌ನ ಉತ್ತರ: ಅಷ್ಟು ಬೇಗ ಹಾಗಾದವರು ಅಷ್ಟೇ ಬೇಗ ಹಾಳಾಗುತ್ತಾರೆ. ನಿಮ್ಮ ವಿದ್ಯಾರ್ಥಿನಿಯ ಅಪ್ಪ ಪ್ಯಾರಿಸ್‌ನ ಮಾತನ್ನು ಕೇಳಿಸಿಕೊಂಡಿದ್ದಾರೆ, ಕ್ಯಾಪುಲೆಟ್‌ನದನ್ನು ಯಾರೂ ಅವರಿಗೆ ಹೇಳಿಲ್ಲ. ಇದೇ ಅಪ್ಪ ಮೂರನೇ ಅಂಕದಲ್ಲಿ ಒಂದೇ ರಾತ್ರಿಯಲ್ಲಿ ತಿರುಗಿ ಬೀಳುತ್ತಾನೆ. ಸೋಮವಾರ ರಾತ್ರಿ ಕೂತು ಗುರುವಾರ ಮದುವೆ ಎನ್ನುತ್ತಾನೆ, ಆಮೇಲೆ ಅದನ್ನೂ ಬುಧವಾರಕ್ಕೆ ಎಳೆಯುತ್ತಾನೆ. ಮನೆಯಲ್ಲಿ ಸಾವಾಗಿದೆ, ಬೀದಿಯಲ್ಲಿ ಜಗಳ, ಮಗಳು ಅಳುತ್ತಿದ್ದಾಳೆ, ಒಳ್ಳೆಯ ಕಡೆಯ ವರ ಕಾದಿದ್ದಾನೆ. ಹೆದರಿದ ಅಪ್ಪ ಅವಸರ ಮಾಡುತ್ತಾನೆ. ಇದನ್ನು ನಿಮ್ಮ ತರಗತಿಯ ಹುಡುಗಿಯರಿಗೆ ವಿವರಿಸುವ ಅಗತ್ಯವೇ ಇರುವುದಿಲ್ಲ.

ನಾಟಕ ಆಡಿಸುವ ವಿಷಯಕ್ಕೆ ಬಂದರೆ ನಿಮ್ಮ ಮುಂದೆ ಮೂರು ದಾರಿ ಕಾಣುತ್ತವೆ. ಪ್ರಿನ್ಸಿಪಾಲರು ಹೇಳುವಂತೆ ಹದಿನೆಂಟು ಮಾಡಬಹುದು. ಬ್ಯಾಂಡೆಲ್ಲೋನ ಕಥೆಯಲ್ಲೇ ಹದಿನೆಂಟು ಇರುವುದರಿಂದ ಅದು ದೊಡ್ಡ ಅಪಚಾರವೇನೂ ಅಲ್ಲ, ಕಾಲೇಜಿಗೆ ಯಾರ ಆಕ್ಷೇಪವೂ ಬರುವುದಿಲ್ಲ. ಆದರೆ ‘ಇನ್ನೆರಡು ಬೇಸಿಗೆ’ ಎಂಬ ಮಾತು ಸತ್ತುಹೋಗುತ್ತದೆ, ‘ನಿನ್ನ ವಯಸ್ಸಿಗೆ ನಾನು ತಾಯಿಯಾಗಿದ್ದೆ’ ಎಂಬ ಅಮ್ಮನ ಮಾತಿನ ಭಾರ ಇಳಿಯುತ್ತದೆ. ಆ ಅಮ್ಮನಿಗೆ ಆ ಲೆಕ್ಕದಲ್ಲಿ ಇಪ್ಪತ್ತೆಂಟರ ಆಸುಪಾಸು, ಗಂಡನಿಗೆ ಐವತ್ತರ ಮೇಲೆ. ಆ ಸಂಸಾರದ ಕಥೆಯೆಲ್ಲ ಆ ಒಂದು ಸಾಲಿನಲ್ಲಿದೆ. ಹದಿನೆಂಟರ ಹುಡುಗಿ ಪ್ರೀತಿಸಿ ಸತ್ತರೆ ಪ್ರೇಮಕಥೆಯಾಗುತ್ತದೆ, ಪ್ರೇಕ್ಷಕರಲ್ಲಿ ಯಾರಿಗೂ ಏನೂ ಚುಚ್ಚುವುದಿಲ್ಲ. ನನಗೆ ಈ ದಾರಿ ಇಷ್ಟವಿಲ್ಲ.

ವಯಸ್ಸನ್ನು ಹೇಳದೆ ಬಿಡುವುದು ಇನ್ನೊಂದು. ಇದರಲ್ಲಿ ಸುಳ್ಳಿಲ್ಲ. ಆದರೆ ಆಗ ದಾದಿಯ ಉದ್ದ ಮಾತನ್ನೂ ಕತ್ತರಿಸಬೇಕಾಗುತ್ತದೆ. ಜೂಲಿಯೆಟ್‌ಳ ವಯಸ್ಸು ಎಷ್ಟೆಂದು ಲೆಕ್ಕ ಹಾಕುತ್ತಾ ಆಕೆ ಹನ್ನೊಂದು ವರ್ಷದ ಹಿಂದಿನ ಭೂಕಂಪ, ಮೊಲೆ ಬಿಡಿಸಿದ ದಿನ, ಮಗು ಮುಗ್ಗರಿಸಿ ಹಣೆಗೆ ಮಾಡಿಕೊಂಡ ಗಾಯ ಎಲ್ಲ ನೆನೆಯುತ್ತಾಳೆ. ನಡುವೆ ಒಂದೇ ಉಸಿರಿನಲ್ಲಿ, ತನ್ನ ಸೂಸನ್‌ಗೂ ಇದೇ ವಯಸ್ಸು, ಅವಳು ದೇವರ ಬಳಿ ಇದ್ದಾಳೆ ಎಂದು ಹೇಳಿ ಮುಂದೆ ಹೋಗುತ್ತಾಳೆ. ತನ್ನ ಕೂಸು ಕಳೆದುಕೊಂಡ ಹೆಂಗಸಿನ ಹಾಲು ಕುಡಿದು ಜೂಲಿಯೆಟ್ ಬೆಳೆದದ್ದು. ನಾಲ್ಕರಲ್ಲಿ ಒಂದು ಮಗು ಹೋಗುತ್ತಿತ್ತು ಎಂದು ನಾನು ಮೇಲೆ ಅಂಕಿಯಲ್ಲಿ ಹೇಳಿದ್ದು ನಾಟಕದಲ್ಲಿ ಹೀಗೆ ಬರುತ್ತದೆ. ಅದನ್ನು ಕತ್ತರಿಸಲು ನನ್ನ ಕೈ ಬರುವುದಿಲ್ಲ.

ಹಾಗಾಗಿ ನನ್ನ ಸಲಹೆ, ಹದಿಮೂರನ್ನೇ ಇಡಿ. ಇದರಲ್ಲೂ ಅಪಾಯವಿದೆ, ಸಣ್ಣದಲ್ಲ. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಬಹುದು. ಎಳೆಯ ಮದುವೆಯನ್ನು ನೀವು ಚಂದ ಮಾಡಿ ತೋರಿಸಿದಿರಿ ಎಂದು ಯಾರಾದರೂ ದೂರಬಹುದು, ಅಥವಾ ಆ ಅಪ್ಪನಂತೆಯೇ ಇನ್ನೊಬ್ಬರು ಅದನ್ನು ಒಪ್ಪಿಗೆಯ ಚೀಟಿ ಎಂದುಕೊಳ್ಳಬಹುದು. ಅದಕ್ಕೆ ಪ್ಯಾರಿಸ್ ಮತ್ತು ಕ್ಯಾಪುಲೆಟ್ ಮಾತುಕತೆಯನ್ನು ಒಂದು ಸಾಲೂ ಬಿಡದೆ ಇಡಿ, ನಾಟಕದ ಆರಂಭಕ್ಕೇ ತಂದರೂ ಸರಿ. ಜೂಲಿಯೆಟ್ ಪಾತ್ರಕ್ಕೆ ಹದಿನೆಂಟು ತುಂಬಿದ ವಿದ್ಯಾರ್ಥಿನಿಯನ್ನೇ ಆರಿಸಿ. ಶೇಕ್ಸ್‌ಪಿಯರನ ರಂಗದಲ್ಲಿ ಆ ಪಾತ್ರವನ್ನು ಆಡಿದ್ದು ಹೆಣ್ಣು ದನಿಯ ಎಳೆ ಹುಡುಗ, ಹಾಗಾಗಿ ಮೈಗೆ ಮೈ ತಾಗಿಸುವ ಅಭಿನಯಕ್ಕಿಂತ ಮಾತಿನ ಮೇಲೇ ಆ ನಾಟಕ ನಿಂತಿದೆ. ನಿಮಗೂ ಅಷ್ಟು ಸಾಕು. ಪ್ರಿನ್ಸಿಪಾಲರು ಒಪ್ಪದೆ ಹೋದರೆ, ಹದಿನೆಂಟು ಎಂದು ತಿದ್ದುವ ಬದಲು ವಯಸ್ಸನ್ನು ಹೇಳದೆ ಬಿಡುವ ದಾರಿಗೆ ಬನ್ನಿ.

ಇನ್ನು ಆ ಅಪ್ಪನಿಗೆ ಏನು ಹೇಳುವುದು? ಅಂಕಿಅಂಶ ಹೇಳಬೇಡಿ. ಬರೆದವನ ಮನೆಯ ಕಥೆ ಹೇಳಿ. ವಿಲಿಯಂ ಶೇಕ್ಸ್‌ಪಿಯರ್ 1582ರ ನವೆಂಬರಿನಲ್ಲಿ ಹದಿನೆಂಟಕ್ಕೆ ಮದುವೆಯಾದ, ಆ ಕಾಲದ ಗಂಡಿಗೆ ಬಹಳ ಬೇಗ. ಹುಡುಗಿಗೆ ಇಪ್ಪತ್ತಾರು, ಆಗಲೇ ಬಸುರಿ. ಆ ಕಾಲದಲ್ಲಿ ಸುಮಾರು ಐದು ವಧುಗಳಲ್ಲಿ ಒಬ್ಬಳು ಬಸುರಿಯಾಗಿಯೇ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದಳು, ಮದುವೆಯ ಮಾತಾಗಿದ್ದರೆ ಜನ ಅಷ್ಟೇನೂ ದೊಡ್ಡದು ಮಾಡುತ್ತಿರಲಿಲ್ಲ. ಮದುವೆಗೆ ಅಡ್ಡಿಯಿಲ್ಲ ಎಂದು ಇಬ್ಬರು ರೈತರು ನಲವತ್ತು ಪೌಂಡಿನ ಮುಚ್ಚಳಿಕೆ ಬರೆದುಕೊಟ್ಟರು. ಆಮೇಲೆ ಅವನು ಲಂಡನ್ನಿಗೆ ಹೋಗಿ ದುಡ್ಡು ಮಾಡಿದ, ಊರಿನಲ್ಲಿ ದೊಡ್ಡ ಮನೆ ಕೊಂಡ. ಮಗಳಂದಿರಿಗೆ ಎಳವೆಯಲ್ಲೇ ಒಳ್ಳೆಯ ಸಂಬಂಧ ಹುಡುಕುವುದು ಅವನಿಗೆ ಕಷ್ಟವಿರಲಿಲ್ಲ. ಹಿರಿಯಳು ಸುಸಾನಾ ವೈದ್ಯ ಜಾನ್ ಹಾಲ್‌ನನ್ನು ಮದುವೆಯಾದದ್ದು 1607ರಲ್ಲಿ, ಇಪ್ಪತ್ನಾಲ್ಕಕ್ಕೆ. ಕಿರಿಯಳು ಜೂಡಿತ್ 1616ರ ಫೆಬ್ರವರಿಯಲ್ಲಿ, ಮೂವತ್ತೊಂದಕ್ಕೆ, ತನಗಿಂತ ನಾಲ್ಕು ವರ್ಷ ಚಿಕ್ಕವನನ್ನು. ಮೊಮ್ಮಗಳು ಎಲಿಜಬೆತ್ ಮಾತ್ರ ಹದಿನೆಂಟಕ್ಕೆ, ಆ ಹೊತ್ತಿಗೆ ಮನೆತನ ಶ್ರೀಮಂತವಾಗಿತ್ತು. ಹದಿಮೂರರ ಜೂಲಿಯೆಟ್‌ಳನ್ನು ಬರೆದವನು ತನ್ನ ಮಗಳನ್ನು ಮೂವತ್ತೊಂದರ ತನಕ ಮನೆಯಲ್ಲಿಟ್ಟುಕೊಂಡಿದ್ದ ಎಂದು ಹೇಳಿ ನೋಡಿ. ನನ್ನ ಅನುಭವದಲ್ಲಿ ಈ ಮಾತಿಗೆ ಅಪ್ಪಂದಿರು ಒಂದು ಕ್ಷಣವಾದರೂ ಸುಮ್ಮನಾಗುತ್ತಾರೆ. ಸುಮ್ಮನಾದ ಆ ಕ್ಷಣದಲ್ಲಿ, ಹುಡುಗಿ ನಾಳೆಯಿಂದ ಕಾಲೇಜಿಗೆ ಬರಲಿ ಎಂದು ಕೇಳಿ.

ಅನುವಾದದ ಬಗ್ಗೆ ಒಂದು ಕೊನೆಯ ಮಾತು. ದಾದಿ ವಯಸ್ಸನ್ನು ಬರೀ ಅಂಕಿಯಲ್ಲಿ ಹೇಳುವುದಿಲ್ಲ. ಲ್ಯಾಮಸ್ ಹಬ್ಬದ ಹಿಂದಿನ ರಾತ್ರಿ ಬಂದರೆ ಹದಿನಾಲ್ಕು ತುಂಬುತ್ತೆ, ಅದಕ್ಕಿನ್ನೂ ಎರಡು ವಾರ ಮೇಲೆ ನಾಲ್ಕಾರು ದಿನ ಇದೆ ಎಂಬ ಲೆಕ್ಕ. ಲ್ಯಾಮಸ್ ಎಂದರೆ ಆಗಸ್ಟ್ ಒಂದರ ಹಬ್ಬ, ಹೊಸ ಗೋಧಿಯ ಮೊದಲ ರೊಟ್ಟಿಯನ್ನು ಚರ್ಚಿಗೆ ಒಯ್ಯುವ ದಿನ. ಕನ್ನಡದಲ್ಲಿ ‘ಹೊಸ ಗೋಧಿ ಹಬ್ಬಕ್ಕೆ ಹದಿನಾಲ್ಕು ತುಂಬ್ತದ’ ಎಂದರೆ ನಿಮ್ಮೂರಿನ ಪ್ರೇಕ್ಷಕರಿಗೆ ತಟ್ಟುತ್ತದೆ. ಐದನೇ ದಿನಕ್ಕೆ ನಾಟಕ ಮುಗಿಯುತ್ತದೆ, ಆ ಹಬ್ಬ ಬರುವುದೇ ಇಲ್ಲ. ದಾದಿಯ ಪಾತ್ರ ಮಾಡುವ ಹುಡುಗಿಗೆ ಆ ಸಾಲನ್ನು ನಗಿಸಲು ಹೋಗಿ ಓಡಿಸಬೇಡ, ನಿಲ್ಲಿಸಿ ಹೇಳು ಎಂದು ತಿಳಿಸಿ.